ಕಿನೊಸಾಕಿ ಒನ್ಸೆನ್

ಕಿನೊಸಾಕಿ ಒನ್ಸೆನ್ ಜಪಾನ್ ದೇಶದ ಹ್ಯೊಗೊ ಪ್ರಾಂತ್ಯದ ತೊಯೋಕಾ ನಗರಕ್ಕೆ ಸೇರಿದ, ಬಿಸಿನೀರಿನ ಬುಗ್ಗೆಗಳಿಗೆ ಪ್ರಸಿದ್ಧವಾದ ಪಟ್ಟಣ. ಜಪಾನಿ ಭಾಷೆಯಲ್ಲಿ 'ಒನ್ಸೆನ್' ಎಂದರೆ ಬಿಸಿನೀರಿನ ಬುಗ್ಗೆ. ಬುಗ್ಗೆಯ ನೀರನ್ನು ಬಳಸುವ ಸ್ನಾನಗೃಹಕ್ಕೂ ಅಂಥ ಸ್ನಾನಗೃಹಗಳಿರುವ ಊರಿಗೂ ಇದೇ ಹೆಸರು ಸಲ್ಲುತ್ತದೆ. ಹೊನ್ಶು ದ್ವೀಪದ ಪಶ್ಚಿಮ ಭಾಗದಲ್ಲಿ, ಜಪಾನ್ ಸಮುದ್ರದಿಂದ ಕೆಲವೇ ಕಿಲೋಮೀಟರ್ ಒಳಗೆ ಇರುವ ಈ ಪಟ್ಟಣಕ್ಕೆ ಸುಮಾರು 1300 ವರ್ಷಗಳ ಇತಿಹಾಸವಿದೆ ಎಂಬುದು ಸಂಪ್ರದಾಯದ ನಂಬಿಕೆ. ಇಲ್ಲಿಯ ಏಳು ಸಾರ್ವಜನಿಕ ಸ್ನಾನಗೃಹಗಳು ಹಾಗೂ 'ರ‍್ಯೊಕಾನ್' ಎಂಬ ಸಾಂಪ್ರದಾಯಿಕ ವಸತಿಗೃಹಗಳು ಕ್ಯೋಟೊ, ಒಸಾಕಾ, ಕೋಬೆ ನಗರಗಳ ಕುಟುಂಬಗಳನ್ನು ವಾರಾಂತ್ಯದ ಪ್ರವಾಸಕ್ಕೆ ಸೆಳೆಯುತ್ತವೆ. ಬುಗ್ಗೆಯ ನೀರು ಖಾಸಗಿ ಸ್ವತ್ತೇ ಅಥವಾ ಊರಿನ ಸಮಾನ ಸ್ವತ್ತೇ ಎಂಬ ಪ್ರಶ್ನೆಯ ಮೇಲೆ ಇಲ್ಲಿ ನಡೆದ ದೀರ್ಘ ವ್ಯಾಜ್ಯವೂ ಅದಕ್ಕೆ ಊರು ಕಂಡುಕೊಂಡ ಪರಿಹಾರವೂ ಜಪಾನಿನ ಬುಗ್ಗೆ ಪಟ್ಟಣಗಳ ಇತಿಹಾಸದಲ್ಲಿ ಗಮನಾರ್ಹವಾಗಿವೆ.

ಭೌಗೋಳಿಕ ಹಿನ್ನೆಲೆ

ಮಾರುಯಾಮಾ ನದಿಯನ್ನು ಸೇರುವ ಓತಾನಿ ಎಂಬ ಚಿಕ್ಕ ಹೊಳೆಯ ಎರಡೂ ದಡಗಳಲ್ಲಿ ಪಟ್ಟಣ ಹಬ್ಬಿದೆ. ಸುತ್ತಲೂ ಕಾಡು ಬೆಳೆದ ಗುಡ್ಡಗಳಿರುವುದರಿಂದ ಮನೆಗಳು ಇಕ್ಕಟ್ಟಾದ ಕಣಿವೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಹೊಳೆಯ ಅಂಚಿನಲ್ಲಿ ಬಾಗಿದ ವಿಲ್ಲೋ ಮರಗಳು, ಅಡ್ಡಲಾಗಿ ಕಟ್ಟಿದ ಕಮಾನಿನ ಕಲ್ಲುಸೇತುವೆಗಳು, ಮೂರು ಅಂತಸ್ತಿನ ಮರದ ಕಟ್ಟಡಗಳು ಊರಿನ ಗುರುತಾಗಿವೆ. ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ಬೀಸುವ ತೇವದ ಗಾಳಿ ಇಲ್ಲಿ ಹಿಮ ಸುರಿಸುತ್ತದೆ.

ಇಲ್ಲಿಯ ನೀರಿನಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಲವಣಗಳು ಪ್ರಧಾನವಾಗಿದ್ದು, ನೀರಿಗೆ ಉಪ್ಪಿನ ರುಚಿ ಇದೆ. 1948ರಲ್ಲಿ ಜಾರಿಗೆ ಬಂದ ಜಪಾನಿನ ಒನ್ಸೆನ್ ಕಾಯಿದೆಯ ಪ್ರಕಾರ, ಭೂಮಿಯಿಂದ ಹೊರಬರುವಾಗ ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವ ನೀರು, ಅಥವಾ ಗೊತ್ತುಪಡಿಸಿದ 19 ವಸ್ತುಗಳ ಪೈಕಿ ಒಂದನ್ನಾದರೂ ನಿಗದಿತ ಪ್ರಮಾಣದಲ್ಲಿ ಹೊಂದಿರುವ ನೀರು ಒನ್ಸೆನ್ ಎನಿಸಿಕೊಳ್ಳುತ್ತದೆ. ಕಿನೊಸಾಕಿಯ ಕೆಲವು ಬುಗ್ಗೆಗಳ ನೀರು ನೇರವಾಗಿ ಮೈಗೆ ಹಾಕಿಕೊಳ್ಳಲಾಗದಷ್ಟು ಬಿಸಿಯಾಗಿರುತ್ತದೆ. ಊರಿನ ಮೇಲ್ತುದಿಯಲ್ಲಿರುವ 'ಮೊತೊಯು' ಎಂಬ ಮೂಲಬುಗ್ಗೆಯ ಬಳಿ ಪ್ರವಾಸಿಗರು ಮೊಟ್ಟೆಗಳನ್ನು ಬಲೆಯಲ್ಲಿ ಕಟ್ಟಿ ಬಿಸಿನೀರಿಗೆ ಇಳಿಬಿಟ್ಟು ಬೇಯಿಸಿಕೊಳ್ಳುತ್ತಾರೆ.

ಇತಿಹಾಸ

ಐತಿಹ್ಯಗಳು

ಬುಗ್ಗೆಗಳ ಹುಟ್ಟಿನ ಬಗ್ಗೆ ಎರಡು ಕಥೆಗಳು ಪ್ರಚಲಿತವಾಗಿವೆ. ಮೊದಲನೆಯದರ ಪ್ರಕಾರ, 7ನೆಯ ಶತಮಾನದಲ್ಲಿ ಜೊಮೈ ಚಕ್ರವರ್ತಿಯ ಕಾಲದಲ್ಲಿ ಗಾಯಗೊಂಡ ಕೊಕ್ಕರೆಯೊಂದು ಒಂದೆಡೆ ನಿಂತ ನೀರಿನಲ್ಲಿ ಕಾಲಿಟ್ಟು ಗುಣಹೊಂದಿ ಹಾರಿಹೋಯಿತು. ಜನರು ಅಲ್ಲಿ ನೋಡಿದಾಗ ಬಿಸಿನೀರು ಚಿಮ್ಮುತ್ತಿತ್ತು. ಎರಡನೆಯ ಕಥೆ ದೋಚಿ ಎಂಬ ಬೌದ್ಧ ಸನ್ಯಾಸಿಗೆ ಸಂಬಂಧಿಸಿದೆ. ರೋಗಿಗಳ ಸಂಕಟ ನೀಗಬೇಕೆಂದು ಆತ 717ರಿಂದ ಒಂದು ಸಾವಿರ ದಿನ ಪ್ರಾರ್ಥಿಸಿದನೆಂದೂ, 720ರಲ್ಲಿ ಆ ವ್ರತ ಮುಗಿದಾಗ ಬುಗ್ಗೆ ಉಕ್ಕಿತೆಂದೂ ನಂಬಲಾಗಿದೆ. ದೋಚಿಯ ನೆನಪಿಗೆ ಸಂಬಂಧಿಸಿದ ಒನ್ಸೆನ್‌ಜಿ ದೇವಾಲಯವು 738ರಲ್ಲಿ ಸ್ಥಾಪನೆಯಾಯಿತೆಂಬುದು ದೇವಾಲಯದ ಸಂಪ್ರದಾಯ. ಶಿಂಗೊನ್ ಪಂಥಕ್ಕೆ ಸೇರಿದ ಈ ದೇವಾಲಯದ ಮುಖ್ಯಮೂರ್ತಿ ಹನ್ನೊಂದು ಮುಖಗಳ ಕಾನ್ನೊನ್, ಅಂದರೆ ಅವಲೋಕಿತೇಶ್ವರ ಬೋಧಿಸತ್ವ. ಹಿಂದೆ ಕಿನೊಸಾಕಿಗೆ ಬಂದವರು ನೇರವಾಗಿ ನೀರಿಗೆ ಇಳಿಯುತ್ತಿರಲಿಲ್ಲ. ಮೊದಲು ಈ ದೇವಾಲಯಕ್ಕೆ ಹೋಗಿ, ಸ್ನಾನದ ಕ್ರಮವನ್ನು ಕೇಳಿ ತಿಳಿದು, ನೀರು ಮೊಗೆಯುವ ಮರದ ಸೌಟೊಂದನ್ನು ಪಡೆದು ಅನಂತರ ಸ್ನಾನಕ್ಕೆ ಹೋಗುವ ಪದ್ಧತಿಯಿತ್ತು.

ಎದೊ ಕಾಲ (1603–1868)

ಎದೊ ಕಾಲದಲ್ಲಿ ರೋಗ ಗುಣವಾಗಲೆಂದು ಹಲವು ದಿನ ಬುಗ್ಗೆಯ ಬಳಿ ತಂಗುವ 'ತೋಜಿ' ಎಂಬ ಪದ್ಧತಿ ಜನಸಾಮಾನ್ಯರಲ್ಲೂ ಹರಡಿತು. 18ನೆಯ ಶತಮಾನದ ವೈದ್ಯ ಕಾಗಾವಾ ಶುತೊಕು ಕಿನೊಸಾಕಿಯ ಒಂದು ಬುಗ್ಗೆಯನ್ನು ದೇಶದಲ್ಲೇ ಮೊದಲನೆಯದೆಂದು ಹೊಗಳಿದನು. ಆ ಕಾರಣದಿಂದ ಆ ಸ್ನಾನಗೃಹಕ್ಕೆ 'ಇಚಿ ನೊ ಯು', ಅಂದರೆ 'ಮೊದಲ ಸ್ನಾನ', ಎಂಬ ಹೆಸರು ಬಂದಿತೆನ್ನುತ್ತಾರೆ. 1909ರಲ್ಲಿ ರೈಲು ನಿಲ್ದಾಣ ಆರಂಭವಾದ ಮೇಲೆ ದೂರದ ನಗರಗಳಿಂದ ಬರುವವರ ಸಂಖ್ಯೆ ಹೆಚ್ಚಿತು.

1925ರ ಭೂಕಂಪ ಮತ್ತು ಪುನರ್ನಿರ್ಮಾಣ

1925ರ ಮೇ 23ರಂದು ಸಂಭವಿಸಿದ ಉತ್ತರ ತಾಜಿಮಾ ಭೂಕಂಪವು ಈ ಪ್ರದೇಶದಲ್ಲಿ 400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಧ್ಯಾಹ್ನದ ಅಡುಗೆಯ ಹೊತ್ತಿಗೆ ನೆಲ ನಡುಗಿದ್ದರಿಂದ ಮರದ ಮನೆಗಳಿಗೆ ಬೆಂಕಿ ಹತ್ತಿ, ಕಿನೊಸಾಕಿಯ ಬಹುಭಾಗ ಸುಟ್ಟುಹೋಯಿತು. ಊರನ್ನು ಮತ್ತೆ ಕಟ್ಟುವಾಗ ರಸ್ತೆಗಳನ್ನು ಅಗಲಗೊಳಿಸಲು ಭೂಮಾಲೀಕರು ತಮ್ಮ ನಿವೇಶನಗಳ ಒಂದು ಭಾಗವನ್ನು ಬಿಟ್ಟುಕೊಟ್ಟರು. ಹೊಳೆಯ ದಡಗಳನ್ನು ಎತ್ತರಿಸಿ ಕಲ್ಲು ಕಟ್ಟಲಾಯಿತು. ಬೆಂಕಿ ಹರಡದಂತೆ ಅಲ್ಲಲ್ಲಿ ಕಾಂಕ್ರೀಟ್ ಕಟ್ಟಡಗಳನ್ನು ನಿಲ್ಲಿಸಿದರೂ, ವಸತಿಗೃಹಗಳು ಹಳೆಯ ರೀತಿಯಲ್ಲಿ ಮರದಿಂದಲೇ ಎದ್ದವು. ಇಂದು ಪ್ರವಾಸಿಗರು 'ಹಳೆಯ ಜಪಾನ್' ಎಂದು ಮೆಚ್ಚುವ ಬೀದಿಗಳ ರೂಪ ಬಹುಪಾಲು ಈ ಪುನರ್ನಿರ್ಮಾಣದ ಫಲ.

ಒಳಸ್ನಾನದ ವ್ಯಾಜ್ಯ

ಭೂಕಂಪದವರೆಗೂ ಕಿನೊಸಾಕಿಯ ವಸತಿಗೃಹಗಳ ಒಳಗೆ ಬುಗ್ಗೆನೀರಿನ ಸ್ನಾನಗೃಹ ಇರುತ್ತಿರಲಿಲ್ಲ. ಅತಿಥಿಗಳು ಊಟ, ನಿದ್ರೆಗಳನ್ನು ವಸತಿಗೃಹದಲ್ಲಿ ಮಾಡಿ, ಸ್ನಾನಕ್ಕೆ ಊರಿನ ಸಾರ್ವಜನಿಕ ಸ್ನಾನಗೃಹಗಳಿಗೆ ನಡೆದುಹೋಗುತ್ತಿದ್ದರು. ಇವನ್ನು 'ಸೊತೊಯು', ಎಂದರೆ 'ಹೊರಗಿನ ಸ್ನಾನ', ಎಂದೂ ವಸತಿಗೃಹದೊಳಗಿನ ಸ್ನಾನವನ್ನು 'ಉಚಿಯು' ಎಂದೂ ಕರೆಯುತ್ತಾರೆ. 1927ರಲ್ಲಿ ಹಳೆಯ ವಸತಿಗೃಹವೊಂದು ತನ್ನ ಆವರಣದಲ್ಲಿ ದೊರೆತ ಬಿಸಿನೀರನ್ನು ಬಳಸಿ ಒಳಸ್ನಾನಗೃಹವನ್ನು ತೆರೆದಾಗ ಊರಿನವರಿಂದ ತೀವ್ರ ವಿರೋಧ ವ್ಯಕ್ತವಾಯಿತು.

ತನ್ನ ನೆಲದಲ್ಲಿ ಹುಟ್ಟಿದ ನೀರು ತನ್ನದು ಎಂಬುದು ವಸತಿಗೃಹದ ವಾದ. ಬುಗ್ಗೆಗಳು ತಲೆಮಾರುಗಳಿಂದ ಊರಿನ ಸಮಾನ ಸ್ವತ್ತಾಗಿದ್ದು, ಅವುಗಳ ಬಳಕೆಯನ್ನು ಊರೇ ನಿರ್ಧರಿಸಬೇಕು ಎಂಬುದು ನಿವಾಸಿಗಳ ವಾದ. ಈ ವಿವಾದದಲ್ಲಿ ಜೀವನೋಪಾಯದ ಪ್ರಶ್ನೆಯೂ ಅಡಗಿತ್ತು. ಒಂದೆಡೆ ನೀರನ್ನು ಹೆಚ್ಚು ಎತ್ತಿದರೆ ಹತ್ತಿರದ ಬುಗ್ಗೆ ಬತ್ತುವ ಭಯವಿತ್ತು. ಅತಿಥಿಗಳು ವಸತಿಗೃಹದ ಒಳಗೇ ಉಳಿದರೆ ಬೀದಿಬದಿಯ ಅಂಗಡಿಗಳಿಗೂ, ದೊಡ್ಡ ಬಂಡವಾಳವಿಲ್ಲದ ಚಿಕ್ಕ ವಸತಿಗೃಹಗಳಿಗೂ ಪೆಟ್ಟು ಬೀಳುತ್ತಿತ್ತು. ಮೊಕದ್ದಮೆ ಯುದ್ಧಕಾಲವನ್ನೂ ದಾಟಿ ಎರಡು ದಶಕಗಳಿಗೂ ಹೆಚ್ಚು ಕಾಲ ಎಳೆಯಿತು.

1950ರಲ್ಲಿ ಎರಡೂ ಪಕ್ಷಗಳು ರಾಜಿಯಾದವು. ಬುಗ್ಗೆಗಳ ಆಡಳಿತ ಯುಶಿಮಾ ಸ್ವತ್ತಿನ ವಾರ್ಡ್ ಎಂಬ ಸ್ಥಳೀಯ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಉಳಿಯಿತು. ವಸತಿಗೃಹಗಳು ಒಳಸ್ನಾನಗೃಹ ಹೊಂದಬಹುದಾದರೂ ಅವುಗಳ ಗಾತ್ರಕ್ಕೆ ಮಿತಿ ಹಾಕಲಾಯಿತು. ಸಾರ್ವಜನಿಕ ಸ್ನಾನಗೃಹಗಳಿಗೆ ಆದ್ಯತೆ ನೀಡಲಾಯಿತು. 1972ರಲ್ಲಿ ಬೇರೆ ಬೇರೆ ಬುಗ್ಗೆಗಳ ನೀರನ್ನು ಒಂದೆಡೆ ಸೇರಿಸಿ, ಕೊಳವೆಗಳ ಮೂಲಕ ಸ್ನಾನಗೃಹಗಳಿಗೂ ವಸತಿಗೃಹಗಳಿಗೂ ಹಂಚುವ ಕೇಂದ್ರೀಕೃತ ವ್ಯವಸ್ಥೆ ಜಾರಿಗೆ ಬಂದಿತು. ಇದರಿಂದಾಗಿ ಯಾವ ಸ್ನಾನಗೃಹಕ್ಕೆ ಹೋದರೂ ಇಂದು ದೊರೆಯುವುದು ಮೂಲತಃ ಒಂದೇ ನೀರು; ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಟ್ಟಡ ಹಾಗೂ ಐತಿಹ್ಯಗಳದ್ದು.

'ಊರೆಲ್ಲ ಒಂದೇ ವಸತಿಗೃಹ'

ಈ ಇತಿಹಾಸದಿಂದ ಬೆಳೆದ ಕಲ್ಪನೆಯನ್ನು ಸ್ಥಳೀಯರು ಒಂದು ಹೋಲಿಕೆಯ ಮೂಲಕ ವಿವರಿಸುತ್ತಾರೆ. ಇದರಲ್ಲಿ ರೈಲು ನಿಲ್ದಾಣವೇ ಹೆಬ್ಬಾಗಿಲು, ರಸ್ತೆಗಳೇ ಪಡಸಾಲೆ, ಒಂದೊಂದು ವಸತಿಗೃಹವೂ ಒಂದೊಂದು ಕೋಣೆ, ಸಾರ್ವಜನಿಕ ಸ್ನಾನಗೃಹಗಳೇ ಬಚ್ಚಲುಮನೆ. ಪಟ್ಟಣದಲ್ಲಿ ತಂಗಿದ ಅತಿಥಿಗಳಿಗೆ ಏಳೂ ಸ್ನಾನಗೃಹಗಳಿಗೆ ಪ್ರವೇಶ ನೀಡುವ ಪರವಾನಗಿಯನ್ನು ಅವರ ವಸತಿಗೃಹವೇ ಕೊಡುತ್ತದೆ. ದುಬಾರಿ ವಸತಿಗೃಹದವರಿಗೂ ಸಾಧಾರಣ ವಸತಿಗೃಹದವರಿಗೂ ಇದು ಸಮಾನ. ಹಗಲಿಗೆ ಮಾತ್ರ ಬಂದು ಹೋಗುವವರು ಶುಲ್ಕ ತೆತ್ತು ಒಳಗೆ ಹೋಗಬಹುದು.

ಸಂಜೆಯಾಗುತ್ತಲೇ ಅತಿಥಿಗಳು 'ಯುಕಾತಾ' ಎಂಬ ತೆಳುವಾದ ಹತ್ತಿಯ ನಿಲುವಂಗಿ ತೊಟ್ಟು, 'ಗೆತಾ' ಎಂಬ ಮರದ ಪಾದುಕೆ ಮೆಟ್ಟಿ, ಕೈಯಲ್ಲಿ ಟವೆಲಿನ ಚೀಲ ಹಿಡಿದು ಬೀದಿಗೆ ಬರುತ್ತಾರೆ. ಪ್ರತಿ ವಸತಿಗೃಹದ ಯುಕಾತಾ ವಿನ್ಯಾಸ ಬೇರೆ ಬೇರೆ. ಗೆತಾ ಮೇಲೆ ವಸತಿಗೃಹದ ಹೆಸರು ಇರುವುದರಿಂದ, ಸ್ನಾನಗೃಹದ ಬಾಗಿಲಲ್ಲಿ ಬಿಟ್ಟ ನೂರಾರು ಜೋಡಿಗಳ ನಡುವೆ ಗುರುತು ಹಿಡಿಯುವುದು ಸುಲಭ. ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಹೀಗೆ ನಡೆಯುವುದನ್ನು 'ಸೊತೊಯು ಮೆಗುರಿ' ಎನ್ನುತ್ತಾರೆ.

ಏಳು ಸ್ನಾನಗೃಹಗಳು

ನಿಲ್ದಾಣದ ಕಡೆಯಿಂದ ಊರಿನ ಒಳಗೆ ಹೋಗುವಾಗ ಸಿಗುವ ಏಳು ಸ್ನಾನಗೃಹಗಳು ಇವು. ಪ್ರತಿಯೊಂದಕ್ಕೂ ವಾರದಲ್ಲಿ ಒಂದು ರಜಾದಿನವಿರುತ್ತದೆ.

ಸಾತೊ ನೊ ಯು: ರೈಲು ನಿಲ್ದಾಣದ ಪಕ್ಕದಲ್ಲಿದೆ. 2000ದಲ್ಲಿ ಆರಂಭವಾದ ಇದು ಏಳರಲ್ಲಿ ಹೊಸದು.

ಜಿಜೊ ಯು: ಬುಗ್ಗೆಯಲ್ಲಿ ಜಿಜೊ ಮೂರ್ತಿ ದೊರೆತಿತೆಂಬ ನಂಬಿಕೆಯಿಂದ ಈ ಹೆಸರು ಬಂದಿದೆ. ಸಂಸ್ಕೃತದಲ್ಲಿ ಕ್ಷಿತಿಗರ್ಭ ಎನಿಸಿಕೊಳ್ಳುವ ಈ ಬೋಧಿಸತ್ವನನ್ನು ಜಪಾನಿನಲ್ಲಿ ಮಕ್ಕಳ ರಕ್ಷಕನೆಂದು ಪೂಜಿಸುತ್ತಾರೆ.

ಯಾನಾಗಿ ಯು: 'ಯಾನಾಗಿ' ಎಂದರೆ ವಿಲ್ಲೋ ಮರ. ಚೀನಾದಿಂದ ತಂದು ನೆಟ್ಟ ವಿಲ್ಲೋ ಮರದ ಬುಡದಲ್ಲಿ ನೀರು ಚಿಮ್ಮಿತೆಂಬ ಐತಿಹ್ಯವಿದೆ. ಇದು ಚಿಕ್ಕ ಸ್ನಾನಗೃಹ.

ಇಚಿ ನೊ ಯು: ಕಾಬುಕಿ ರಂಗಮಂದಿರವನ್ನು ಹೋಲುವ ಮುಂಭಾಗವಿದೆ. ಬಂಡೆಯನ್ನು ಕೊರೆದು ಮಾಡಿದ ಗುಹೆಯಂಥ ಸ್ನಾನಕೊಳ ಇದರ ವಿಶೇಷ.

ಗೊಶೊ ನೊ ಯು: 'ಗೊಶೊ' ಎಂದರೆ ಅರಮನೆ. 1267ರಲ್ಲಿ ರಾಜವಂಶದ ಮಹಿಳೆಯೊಬ್ಬರು ಇಲ್ಲಿಗೆ ಬಂದಿದ್ದರೆಂಬ ನಂಬಿಕೆಯಿಂದ ಈ ಹೆಸರು ಬಂದಿದೆ. ಕಟ್ಟಡವು ಕ್ಯೋಟೊ ಅರಮನೆಯ ಶೈಲಿಯನ್ನು ಅನುಸರಿಸುತ್ತದೆ.

ಮಂದಾರಾ ಯು: ದೋಚಿಯ ವ್ರತದ ಫಲವಾಗಿ ಉಕ್ಕಿತೆನ್ನಲಾದ ಬುಗ್ಗೆ. ಹೆಸರಿನ ಮೂಲ ಸಂಸ್ಕೃತದ 'ಮಂಡಲ' ಶಬ್ದ. ಹೂವಿನ ಹೆಸರಾದ ಮಂದಾರಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊ ನೊ ಯು: ಕೊಕ್ಕರೆಯ ಐತಿಹ್ಯಕ್ಕೆ ಸೇರಿದ, ಅತ್ಯಂತ ಹಳೆಯದೆಂದು ಪರಿಗಣಿತವಾದ ಸ್ನಾನಗೃಹ. ತೋಟದ ನಡುವೆ ಬಯಲು ಸ್ನಾನಕೊಳವಿದೆ.

ವಸತಿಗೃಹದ ವ್ಯವಸ್ಥೆ

ರ‍್ಯೊಕಾನ್‌ನಲ್ಲಿ ಸಾಮಾನ್ಯವಾಗಿ ಒಂದು ರಾತ್ರಿಯ ವಾಸ, ರಾತ್ರಿಯೂಟ ಮತ್ತು ಬೆಳಗಿನ ಊಟ ಸೇರಿ ಒಬ್ಬೊಬ್ಬರಿಗೆ ಇಂತಿಷ್ಟು ಎಂದು ದರ ನಿಗದಿಯಾಗುತ್ತದೆ. ಮಕ್ಕಳ ದರವು ಅವರಿಗೆ ಊಟ ಹಾಗೂ ಹಾಸಿಗೆ ಬೇಕೇ ಎಂಬುದನ್ನು ಅವಲಂಬಿಸಿರುತ್ತದೆ. ಇದರ ಜೊತೆಗೆ ಬುಗ್ಗೆ ಪಟ್ಟಣಗಳಲ್ಲಿ ಸ್ನಾನ ತೆರಿಗೆಯೂ ಇದ್ದು, ಅದು ದೇಶದ ಹೆಚ್ಚಿನ ಕಡೆ ಒಬ್ಬರಿಗೆ ದಿನಕ್ಕೆ 150 ಯೆನ್.

ಅತಿಥಿಗಳು ಮಧ್ಯಾಹ್ನ 3 ಗಂಟೆಯ ನಂತರ ಬಂದು ಮರುದಿನ ಬೆಳಗ್ಗೆ 10 ಗಂಟೆಯ ಹೊತ್ತಿಗೆ ಹೊರಡುವುದು ವಾಡಿಕೆ. ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಕೋಣೆಯ ನೆಲಕ್ಕೆ 'ತಾತಾಮಿ' ಎಂಬ ದಪ್ಪನೆಯ ಹುಲ್ಲುಚಾಪೆ ಹಾಸಿರುತ್ತದೆ. ಅದರ ಮೇಲೆ ಮನೆಯೊಳಗಿನ ಚಪ್ಪಲಿಯನ್ನೂ ಹಾಕುವಂತಿಲ್ಲ. ಹಗಲಿನಲ್ಲಿ ಕುಳ್ಳು ಮೇಜು, ದಿಂಬುಗಳಿಂದ ಕೂಡಿದ ಕೋಣೆಯಲ್ಲಿ ರಾತ್ರಿ ಹಾಸಿಗೆ ಬಿಡಿಸುತ್ತಾರೆ. ತಂದೆತಾಯಿ, ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಬಹುದಾದ ಈ ಏರ್ಪಾಡು ಕುಟುಂಬಗಳಿಗೆ ಅನುಕೂಲ. ವಸತಿಗೃಹದ ಒಡತಿಯನ್ನು 'ಒಕಾಮಿ' ಎಂದೂ, ಕೋಣೆಗೆ ಬಂದು ಉಪಚರಿಸುವ ಮಹಿಳೆಯನ್ನು 'ನಾಕಾಯಿ' ಎಂದೂ ಕರೆಯುತ್ತಾರೆ.

ರಾತ್ರಿಯೂಟ 'ಕೈಸೆಕಿ' ಕ್ರಮದ್ದು. ಆಯಾ ಋತುವಿನ ಪದಾರ್ಥಗಳನ್ನು ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಒಂದಾದ ಮೇಲೊಂದರಂತೆ ಬಡಿಸುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಮೀಪದ ಬಂದರುಗಳಿಗೆ ಬರುವ 'ಮಾತ್ಸುಬಾ' ಏಡಿ ಇಲ್ಲಿಯ ಪ್ರಮುಖ ಆಕರ್ಷಣೆ. ಈ ಪ್ರದೇಶದ ತಾಜಿಮಾ ತಳಿಯ ದನದ ಮಾಂಸವೂ ಪ್ರಸಿದ್ಧ. ತರಕಾರಿಯ ಸಾರಿನಲ್ಲೂ ಒಣಮೀನಿನಿಂದ ತೆಗೆದ 'ದಾಶಿ' ಎಂಬ ರಸ ಬೆರೆತಿರುವುದು ಸಾಮಾನ್ಯವಾದ್ದರಿಂದ, ಸಸ್ಯಾಹಾರಿಗಳು ಕೋಣೆ ಕಾದಿರಿಸುವಾಗಲೇ ವಸತಿಗೃಹಕ್ಕೆ ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ.

ಸ್ನಾನದ ನಿಯಮಗಳು

ಸಾರ್ವಜನಿಕ ಸ್ನಾನಗೃಹಗಳಲ್ಲಿ ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ವಿಭಾಗಗಳಿವೆ. ಬಟ್ಟೆಯನ್ನೆಲ್ಲ ಕಳಚಿಯೇ ಒಳಗೆ ಹೋಗಬೇಕು, ಈಜುಡುಗೆಗೆ ಅವಕಾಶವಿಲ್ಲ. ಮೊದಲು ಗೋಡೆಯ ಬದಿಯ ನಲ್ಲಿಗಳ ಮುಂದೆ ಚಿಕ್ಕ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ ಮೈ ತೊಳೆದು, ನೊರೆಯೆಲ್ಲ ಹೋದ ಮೇಲೆ ಮಾತ್ರ ಕೊಳಕ್ಕೆ ಇಳಿಯಬೇಕು. ಕೊಳದ ನೀರು ಮೈ ತೊಳೆಯಲಿಕ್ಕಲ್ಲ, ಮುಳುಗಿ ಕೂರಲಿಕ್ಕೆ. ಒಂದೇ ನೀರನ್ನು ಹಲವರು ಹಂಚಿಕೊಳ್ಳುವುದೇ ಈ ನಿಯಮದ ಹಿಂದಿನ ಕಾರಣ. ಚಿಕ್ಕ ಟವೆಲನ್ನು ನೀರಿಗೆ ತಾಗಿಸಬಾರದು. ಉದ್ದ ಕೂದಲನ್ನು ಕಟ್ಟಿಕೊಳ್ಳಬೇಕು. ಈಜುವುದು, ನೀರೆರಚುವುದು ಸಲ್ಲದು. ಯುಕಾತಾ ತೊಡುವಾಗ ಎಡಬದಿಯ ಅಂಚು ಬಲಬದಿಯ ಮೇಲೆ ಬರಬೇಕು. ಇದಕ್ಕೆ ವಿರುದ್ಧವಾದ ಕ್ರಮ ಮೃತರಿಗೆ ಬಟ್ಟೆ ತೊಡಿಸುವ ರೀತಿ.

ಚಿಕ್ಕ ಮಕ್ಕಳು ತಂದೆ ಅಥವಾ ತಾಯಿ ಇಬ್ಬರಲ್ಲಿ ಯಾರ ಜೊತೆಗಾದರೂ ಹೋಗಬಹುದು. ಇದಕ್ಕೆ ವಯಸ್ಸಿನ ಮಿತಿಯನ್ನು ಸ್ಥಳೀಯ ಆಡಳಿತಗಳು ನಿರ್ಧರಿಸುತ್ತವೆ. ಹಿಂದೆ ಸರ್ಕಾರದ ಮಾರ್ಗಸೂಚಿಯಲ್ಲಿ 10 ವರ್ಷ ಎಂದಿದ್ದ ಮಿತಿಯನ್ನು 2020ರ ಡಿಸೆಂಬರ್‌ನಲ್ಲಿ ಸುಮಾರು 7 ವರ್ಷಕ್ಕೆ ಇಳಿಸಲಾಯಿತು. ಅಪರಿಚಿತರ ಎದುರು ಸ್ನಾನ ಮಾಡಲು ಸಂಕೋಚಪಡುವವರಿಗಾಗಿ ಹಲವು ವಸತಿಗೃಹಗಳಲ್ಲಿ ನಿಗದಿತ ಸಮಯಕ್ಕೆ ಒಂದೇ ಕುಟುಂಬಕ್ಕೆ ಬಿಟ್ಟುಕೊಡುವ ಸ್ನಾನಕೊಠಡಿಗಳಿರುತ್ತವೆ. ಹಚ್ಚೆ ಹಾಕಿಸಿಕೊಂಡವರಿಗೆ ಜಪಾನಿನ ಅನೇಕ ಸ್ನಾನಗೃಹಗಳಲ್ಲಿ ಪ್ರವೇಶವಿಲ್ಲ. ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳು ಅವರನ್ನು ತಡೆಯುವುದಿಲ್ಲ.

ಬಿಸಿನೀರಿನಲ್ಲಿ ದೀರ್ಘಕಾಲ ಕುಳಿತರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಆದ್ದರಿಂದ ಮಕ್ಕಳೂ ವೃದ್ಧರೂ ಸ್ವಲ್ಪ ಹೊತ್ತು ಮಾತ್ರ ನೀರಿನಲ್ಲಿದ್ದು ಮೇಲೇಳುವುದು, ಮೊದಲೂ ಆಮೇಲೂ ನೀರು ಕುಡಿಯುವುದು, ಮದ್ಯಪಾನದ ನಂತರ ಸ್ನಾನ ಮಾಡದಿರುವುದು ಕ್ಷೇಮಕರ. ಏಳನ್ನೂ ಒಂದೇ ಸಂಜೆ ಮುಗಿಸುವ ಅವಸರ ದೇಹಕ್ಕೆ ದಣಿವುಂಟುಮಾಡುತ್ತದೆ. ಬುಗ್ಗೆಸ್ನಾನ ಕೂಡದವರ ಪಟ್ಟಿಯಲ್ಲಿ ಹಿಂದೆ ಗರ್ಭಿಣಿಯರ ಹೆಸರಿತ್ತು. 2014ರಲ್ಲಿ ಜಪಾನಿನ ಪರಿಸರ ಸಚಿವಾಲಯವು ಅದನ್ನು ತೆಗೆದುಹಾಕಿತು.

ಸಾಹಿತ್ಯ ಮತ್ತು ಕಲೆ

ಕಾದಂಬರಿಕಾರ ಶಿಗಾ ನಾವೊಯಾ 1913ರಲ್ಲಿ ಟೋಕಿಯೊದಲ್ಲಿ ರೈಲು ಬಡಿದು ಗಾಯಗೊಂಡು, ಚೇತರಿಸಿಕೊಳ್ಳಲು ಕಿನೊಸಾಕಿಗೆ ಬಂದರು. ಆ ಅನುಭವದಿಂದ ಮೂಡಿದ 'ಕಿನೊಸಾಕಿ ನಿ ತೆ' ಎಂಬ ಸಣ್ಣಕಥೆ 1917ರಲ್ಲಿ ಪ್ರಕಟವಾಯಿತು. ಸಾವಿನಿಂದ ಪಾರಾದವನೊಬ್ಬ ಸತ್ತ ಜೇನುಹುಳು, ಹೊಳೆಯಲ್ಲಿ ಒದ್ದಾಡುವ ಇಲಿ, ತನ್ನ ಕಲ್ಲೇಟಿಗೆ ಅನಿರೀಕ್ಷಿತವಾಗಿ ಸತ್ತ ನೀರುಹಲ್ಲಿ ಇವುಗಳನ್ನು ಕಂಡು ಬದುಕು ಸಾವುಗಳ ಅಂತರವನ್ನು ಕುರಿತು ಯೋಚಿಸುವುದು ಈ ಕಥೆಯ ವಸ್ತು. ಬಣ್ಣ ಹಾಕಿದ ಒಣಹುಲ್ಲನ್ನು ಪೆಟ್ಟಿಗೆಗಳ ಮೇಲೆ ಅಂಟಿಸಿ ಚಿತ್ತಾರ ಮಾಡುವುದು ಊರಿನ ಸಾಂಪ್ರದಾಯಿಕ ಕರಕುಶಲ. 2014ರಲ್ಲಿ ಇಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಲಾಕೇಂದ್ರವು ರಂಗಭೂಮಿ ಹಾಗೂ ನೃತ್ಯ ಕಲಾವಿದರಿಗೆ ತಂಗಿ ಕೆಲಸ ಮಾಡಲು ಅವಕಾಶ ನೀಡುತ್ತದೆ.

ಸುತ್ತಮುತ್ತಲಿನ ಸ್ಥಳಗಳು

1963ರಲ್ಲಿ ಆರಂಭವಾದ ರೋಪ್‌ವೇ ಊರಿನ ಹಿಂದಿನ ಬೆಟ್ಟದ ತುದಿಗೆ ಒಯ್ಯುತ್ತದೆ. ನಡುವಿನ ನಿಲ್ದಾಣದಲ್ಲಿ ಇಳಿದರೆ ಒನ್ಸೆನ್‌ಜಿ ದೇವಾಲಯ ಸಿಗುತ್ತದೆ. ಮಾರುಯಾಮಾ ನದಿಯ ಆಚೆ ದಡದಲ್ಲಿರುವ ಗೆನ್ಬುದೊ ಗುಹೆಗಳಲ್ಲಿ ಲಾವಾ ತಣಿದು ಉಂಟಾದ ಷಟ್ಕೋನಾಕಾರದ ಬಸಾಲ್ಟ್ ಕಂಬಗಳನ್ನು ಕಾಣಬಹುದು. ಬಸಾಲ್ಟ್ ಶಿಲೆಗೆ ಜಪಾನಿ ಭಾಷೆಯಲ್ಲಿರುವ ಹೆಸರು ಈ ಗುಹೆಯಿಂದಲೇ ಬಂದಿದೆ. ಭೂಮಿಯ ಕಾಂತಕ್ಷೇತ್ರ ಹಿಂದೆ ತಿರುಗುಮುರುಗಾಗಿತ್ತು ಎಂಬುದಕ್ಕೆ ವಿಜ್ಞಾನಿ ಮಾತ್ಸುಯಾಮಾ ಮೊತೊನೊರಿ 1920ರ ದಶಕದಲ್ಲಿ ಇಲ್ಲಿಯ ಶಿಲೆಗಳಲ್ಲಿ ಸಾಕ್ಷ್ಯ ಕಂಡರು.

ಐತಿಹ್ಯದಲ್ಲಿ ಬುಗ್ಗೆಯನ್ನು ತೋರಿಸಿಕೊಟ್ಟ ಕೊಕ್ಕರೆಯು ಕೃಷಿರಾಸಾಯನಿಕ, ಆವಾಸನಾಶ ಮೊದಲಾದ ಕಾರಣಗಳಿಂದ 1971ರಲ್ಲಿ ಜಪಾನಿನ ಕಾಡುಗಳಿಂದ ಕಣ್ಮರೆಯಾಯಿತು. ತೊಯೋಕಾದಲ್ಲಿ ಸಾಕಣೆಯಿಂದ ಹೆಚ್ಚಿಸಿದ ಹಕ್ಕಿಗಳನ್ನು 2005ರಲ್ಲಿ ಮತ್ತೆ ಹೊರಗೆ ಬಿಡಲಾಯಿತು. ಅವುಗಳಿಗೆ ಆಹಾರ ದೊರೆಯುವಂತೆ ಸುತ್ತಲಿನ ರೈತರಲ್ಲಿ ಹಲವರು ರಾಸಾಯನಿಕಗಳನ್ನು ಕಡಿಮೆ ಮಾಡಿ, ಗದ್ದೆಗಳಲ್ಲಿ ಹೆಚ್ಚು ಕಾಲ ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ.

ಸಂಪರ್ಕ

ಕಿನೊಸಾಕಿ ಒನ್ಸೆನ್ ನಿಲ್ದಾಣವು ಸಾನ್‌ಇನ್ ರೈಲುಮಾರ್ಗದಲ್ಲಿದೆ. ಕ್ಯೋಟೊದಿಂದ 'ಕಿನೊಸಾಕಿ', ಶಿನ್-ಒಸಾಕಾದಿಂದ 'ಕೊನೊತೊರಿ' ಎಂಬ ವೇಗದೂತ ರೈಲುಗಳು ಸುಮಾರು ಎರಡೂವರೆಯಿಂದ ಮೂರು ಗಂಟೆಗಳಲ್ಲಿ ಇಲ್ಲಿಗೆ ತಲುಪುತ್ತವೆ. 'ಕೊನೊತೊರಿ' ಎಂದರೆ ಕೊಕ್ಕರೆ. ಪಟ್ಟಣದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಸುಮಾರು 20 ನಿಮಿಷ ಸಾಕು. ಏಡಿಯ ಕಾಲದ ವಾರಾಂತ್ಯಗಳಲ್ಲಿ ವಸತಿಗೃಹಗಳು ಬೇಗನೆ ಭರ್ತಿಯಾಗುವುದರಿಂದ ಮುಂಗಡವಾಗಿ ಕಾದಿರಿಸುವುದು ಅಗತ್ಯ.